ಮೈಕ್ರೋವೇವ್ ಡಬ್ಬಿಯ ನೂಕುಬಲವನ್ನು ಅಳೆಯುವುದು ಹೇಗೆ

ಮುಚ್ಚಿದ ತಾಮ್ರದ ಡಬ್ಬಿಯೊಳಗೆ ಮೈಕ್ರೋವೇವ್ ತುಂಬಿದರೆ ಅದು ತನ್ನನ್ನು ತಾನೇ ಮುಂದಕ್ಕೆ ನೂಕಿಕೊಳ್ಳುತ್ತದೆ ಎಂದು ಬ್ರಿಟನ್ನಿನ ರೋಜರ್ ಶಾಯರ್ ಹೇಳಿದ್ದನ್ನು ಓದಿ, ನಾವೂ ಮಾಡಿ ನೋಡುತ್ತೇವೆ ಎನ್ನುವ ವಿದ್ಯಾರ್ಥಿಗಳು ಬಳ್ಳಾರಿಯ ನಮ್ಮ ಪ್ರಯೋಗಾಲಯಕ್ಕೂ ಬರುತ್ತಾರೆ. ಅವರಿಗೆ ನನ್ನ ಮಾತು ಒಂದೇ: ತಕ್ಕಡಿ ಮೊದಲು, ಡಬ್ಬಿ ಆಮೇಲೆ. 2016ರಲ್ಲಿ ನಾಸಾದ ತಂಡ ಪ್ರಕಟಿಸಿದ ಬಲ ಕಿಲೋವ್ಯಾಟ್‌ಗೆ 1.2 ಮಿಲಿನ್ಯೂಟನ್. 50 ವ್ಯಾಟ್‌ಗೆ 60 ಮೈಕ್ರೋನ್ಯೂಟನ್, ಅಂದರೆ ಆರು ಮಿಲಿಗ್ರಾಂ ತೂಕ.

ಮೈಕ್ರೋವೇವ್‌ಗಾಗಿ ಹಳೆಯ ಓವನ್ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್ ಜೀವ ತೆಗೆಯಬಲ್ಲದು. ಕೆಲವು ವ್ಯಾಟ್‌ಗಳ ಆಂಪ್ಲಿಫೈಯರ್ ಸಾಕು.

ಮೇಲೆ ಕೆಳಗೆ ತೂಗುವ ತಕ್ಕಡಿ ಇಲ್ಲಿ ಕೆಲಸಕ್ಕೆ ಬಾರದು. ಹತ್ತು ಲೀಟರ್ ಡಬ್ಬಿಯೊಳಗಿನ ಗಾಳಿ ಒಂದು ಡಿಗ್ರಿ ಕಾದು ಸಂದಿಯಿಂದ ಹೊರಬಂದರೆ ಸುಮಾರು 35 ಮಿಲಿಗ್ರಾಂ ತೂಕ ಇಳಿಯುತ್ತದೆ. ಹುಡುಕುತ್ತಿರುವ ಬಲಕ್ಕಿಂತ ಅದು ಎಷ್ಟೋ ಪಟ್ಟು ಹೆಚ್ಚು. ಆದ್ದರಿಂದ ಅಡ್ಡಲಾಗಿ ತಿರುಗುವ ತಿರುಚು ಲೋಲಕ ಕಟ್ಟಿ. ಅರ್ಧ ಮಿಲಿಮೀಟರ್ ದಪ್ಪ, ಒಂದು ಮೀಟರ್ ಉದ್ದದ ಉಕ್ಕಿನ ತಂತಿಗೆ 60 ಸೆಂಟಿಮೀಟರ್ ಉದ್ದದ ಅಲ್ಯೂಮಿನಿಯಂ ತೋಳನ್ನು ನಡುವೆ ಕಟ್ಟಿ ತೂಗುಬಿಡಿ. ಒಂದು ತುದಿಗೆ ಡಬ್ಬಿ, ಇನ್ನೊಂದಕ್ಕೆ ಸರಿತೂಕ. ತಂತಿಯ ಬುಡದ ಕನ್ನಡಿಗೆ ಲೇಸರ್ ಬಿಟ್ಟು ನಾಲ್ಕು ಮೀಟರ್ ದೂರದ ಗೋಡೆಯ ಮೇಲೆ ಅಳತೆಪಟ್ಟಿ ಅಂಟಿಸಿದರೆ, ಒಂದು ಮೈಕ್ರೋನ್ಯೂಟನ್‌ಗೆ ಚುಕ್ಕೆ ಸುಮಾರು ಐದು ಮಿಲಿಮೀಟರ್ ಸರಿಯುತ್ತದೆ. ಓಲಾಟ ತಗ್ಗಿಸಲು ಆಯಸ್ಕಾಂತ ಇಡುವ ರೂಢಿಯಿದೆ, ಇಲ್ಲಿ ಅದು ಬೇಡ. ತೋಳಿನಿಂದ ಇಳಿಬಿಟ್ಟ ತಗಡು ಹರಳೆಣ್ಣೆಯ ಬಟ್ಟಲಿನಲ್ಲಿ ಮುಳುಗಿರಲಿ. ಇಡೀ ಲೋಲಕಕ್ಕೆ ಗಾಜಿನ ಪೆಟ್ಟಿಗೆ ಬೇಕು.

ಅಳೆಯುವ ಮೊದಲು ಗೊತ್ತಿರುವ ಬಲ ಕೊಟ್ಟು ನೋಡಿ. ಹತ್ತು ಸೆಂಟಿಮೀಟರ್ ಚೌಕದ ಎರಡು ಲೋಹದ ತಟ್ಟೆಗಳನ್ನು, ಒಂದು ತೋಳಿನ ತುದಿಯಲ್ಲಿ, ಇನ್ನೊಂದು ಅದರೆದುರು ಅಲುಗದಂತೆ, ಒಂದು ಸೆಂಟಿಮೀಟರ್ ಅಂತರದಲ್ಲಿಟ್ಟು, ಮೆಗಾಓಂ ರೆಸಿಸ್ಟರ್ ಮೂಲಕ 100 ವೋಲ್ಟ್ ಕೊಟ್ಟರೆ ಸೆಳೆತ ಸುಮಾರು 4.4 ಮೈಕ್ರೋನ್ಯೂಟನ್. ತೋಳು ತಿರುಗಿದಂತೆ ಅಂತರ ಕಿರಿದಾಗಿ ಸೆಳೆತ ಏರುತ್ತದೆ. ಲೆಕ್ಕಕ್ಕೆ ತೋಳು ನಿಂತ ಮೇಲಿನ ಅಂತರವನ್ನೇ ಹಿಡಿಯಿರಿ.

ಹೆಚ್ಚಿನವರು ದಾರಿ ತಪ್ಪುವುದು ವೈರ್‌ನಲ್ಲಿ. ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ, ಅದೂ ಬಹುಮಟ್ಟಿಗೆ ನೆಲಕ್ಕೆ ಸಮಾನಾಂತರ. ಹಾಗಾಗಿ ನೆಟ್ಟಗೆ ಇಳಿಬಿದ್ದ ಹತ್ತು ಸೆಂಟಿಮೀಟರ್ ವೈರ್‌ನಲ್ಲಿ ಎರಡು ಆಂಪಿಯರ್ ಹರಿದರೆ 8 ಮೈಕ್ರೋನ್ಯೂಟನ್ ಅಡ್ಡಬಲ ಹುಟ್ಟುತ್ತದೆ. ಲೋಲಕಕ್ಕೆ ಅದೂ ನೂಕುಬಲವೇ. 2018ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಮಾರ್ಟಿನ್ ತಾಜ್ಮಾರ್ ತಂಡ ಡಬ್ಬಿಗೆ ಹೋಗುವ ಶಕ್ತಿಯನ್ನು ತೀರಾ ತಗ್ಗಿಸಿದಾಗಲೂ ಬಲ ಹಾಗೆಯೇ ಉಳಿಯಿತು; ಅವರ ಅನುಮಾನ ಹೋದದ್ದು ಆಂಪ್ಲಿಫೈಯರ್ ಕೇಬಲ್ ಮತ್ತು ಭೂಕಾಂತದ ಕಡೆಗೆ. ಹೋಗುವ ಬರುವ ವೈರ್‌ಗಳನ್ನು ಒಂದಕ್ಕೊಂದು ಬಿಗಿಯಾಗಿ ಹೊಸೆಯಿರಿ. ಬ್ಯಾಟರಿಯನ್ನೂ ಆಂಪ್ಲಿಫೈಯರನ್ನೂ ತೋಳಿನ ಮೇಲೆಯೇ ಇಟ್ಟುಬಿಟ್ಟರೆ ಇನ್ನೂ ಒಳ್ಳೆಯದು. ಚೀನಾದ ಯಾಂಗ್ ಜುವಾನ್ ಹಾಗೆ ಮಾಡಿದಾಗ, ಮೊದಲು ಕಂಡಿದ್ದ ಬಲ ಅಳತೆಯ ದೋಷಮಿತಿಯೊಳಗೇ ಕರಗಿಹೋಯಿತು. ಕಬ್ಬಿಣದ ಬೀರು ಪಕ್ಕದಲ್ಲಿದ್ದರೆ ದೂರ ಸರಿಸಿ.

ಇನ್ನು ಬಿಸಿ. ಬೇಸಿಗೆಯ ಮಧ್ಯಾಹ್ನ ಬಳ್ಳಾರಿಯಲ್ಲಿ ಇಂಥ ಅಳತೆ ಆಗದು. ಗೋಡೆಯೇ ಕಾದು ಚುಕ್ಕೆ ತೇಲುತ್ತದೆ. ನಸುಕಿನಲ್ಲಿ ಫ್ಯಾನ್ ಆರಿಸಿ, ಅದಿರಿನ ಗೂಡ್ಸ್ ರೈಲು ಹೋದ ಮೇಲೆ ನೆಲದ ನಡುಕ ಅಡಗುವವರೆಗೆ ಕಾಯಿರಿ. ಆದರೂ ಆಂಪ್ಲಿಫೈಯರ್ ಕಾದು ಹಿಗ್ಗಿದಾಗ ಭಾರಕೇಂದ್ರ ಜರುಗಿ ತೋಳು ತಿರುಗುತ್ತದೆ. ಬಿಸಿಯ ಬಲ ನಿಧಾನವಾಗಿ ಏರುತ್ತದೆ, ನಿಜವಾದ ಬಲ ಸ್ವಿಚ್ ಒತ್ತಿದೊಡನೆ ಬರುತ್ತದೆ ಎಂಬ ತರ್ಕ ಸರಿಯೇ. ಆದರೆ ತೋಳಿನ ಒಂದೊಂದು ತುದಿಯಲ್ಲೂ ಒಂದೂವರೆ ಕಿಲೋ ಇದ್ದರೆ ಈ ಲೋಲಕದ ಒಂದು ಓಲಾಟಕ್ಕೇ ಸುಮಾರು ಎರಡೂವರೆ ನಿಮಿಷ ಬೇಕು. ಅಷ್ಟರಲ್ಲಿ ಎರಡೂ ಬೆರೆತುಹೋಗಿರುತ್ತವೆ.

ಆದ್ದರಿಂದ ನಾನು ನಂಬುವುದು ಖಾಲಿ ಪ್ರಯೋಗವನ್ನು. ಡಬ್ಬಿಯ ಬದಲು 50 ಓಂ ಲೋಡ್, ಅಂದರೆ ಮೈಕ್ರೋವೇವನ್ನು ಹೀರಿ ಬರೀ ಬಿಸಿ ಮಾಡುವ ರೆಸಿಸ್ಟರ್, ಜೋಡಿಸಿ, ಅಷ್ಟೇ ಕರೆಂಟ್, ಅಷ್ಟೇ ಹೊತ್ತು, ಅಷ್ಟೇ ತೂಕ ಇರಲಿ. ಬಳಿಕ ಡಬ್ಬಿಯನ್ನು ಪೂರ್ವಕ್ಕೆ ಮುಖ ಮಾಡಿ ಅಳೆಯಿರಿ, 180 ಡಿಗ್ರಿ ತಿರುಗಿಸಿ ಅಳೆಯಿರಿ. ದಿಕ್ಕಿನೊಂದಿಗೆ ಚಿಹ್ನೆ ಬದಲಾಗದ ಬಲ ಡಬ್ಬಿಯದಲ್ಲ. ಮೂರೂ ಅಳತೆಗಳನ್ನು ಸರದಿಯಂತೆ ಹಲವು ಸಲ ಮಾಡಿ, ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಬರೆಯಿರಿ. ಖಾಲಿ ಅಳತೆಗಳ ಏರಿಳಿತವನ್ನು ಮೀರಿ ಏನಾದರೂ ಉಳಿದರೆ 0.17 ಮೈಕ್ರೋನ್ಯೂಟನ್‌ಗೆ ಹೋಲಿಸಿ. 50 ವ್ಯಾಟ್ ಬೆಳಕನ್ನು ಬರಿದೇ ಹೊರಕ್ಕೆ ಚೆಲ್ಲಿದರೂ ಸಿಗುವ ಬಲವದು; ನಿಮ್ಮ ವ್ಯಾಟ್ ಕಡಿಮೆಯಿದ್ದರೆ ಅದೂ ಅಷ್ಟೇ ಪಾಲು ಕಡಿಮೆ. 2021ರ ಡ್ರೆಸ್ಡೆನ್ ಅಳತೆಗಳಲ್ಲಿ ಅಷ್ಟೂ ಉಳಿಯಲಿಲ್ಲ.