ಹಲ್ಮಿಡಿ ಶಾಸನದ ಮೇಲೊಂದು ಪ್ರಾಜೆಕ್ಟ್: ನಕಲಿಲ್ಲದ ಬರವಣಿಗೆಯನ್ನು ಕಲಿಸುವ ಬಗೆ

ಪ್ರೌಢಶಾಲೆ ಮತ್ತು ಪದವಿಪೂರ್ವ ತರಗತಿಗಳಲ್ಲಿ ಪ್ರಾಜೆಕ್ಟ್ ಎಂದರೆ ಅಂತರ್ಜಾಲದಿಂದ ಇಳಿಸಿಕೊಂಡ ಪುಟಗಳಿಗೆ ಸ್ಪೈರಲ್ ಬೈಂಡಿಂಗ್ ಮಾಡಿಸಿ ಒಪ್ಪಿಸುವುದು ಎಂಬ ರೂಢಿ ಹಲವೆಡೆ ಬೆಳೆದಿದೆ. ಇದಕ್ಕೆ ವಿದ್ಯಾರ್ಥಿಗಳನ್ನಷ್ಟೇ ದೂರುವುದು ನ್ಯಾಯವಲ್ಲ. ಕನ್ನಡದ ಅತಿ ಹಳೆಯ ಶಾಸನವೆಂದು ಹೆಸರಾದ ಹಲ್ಮಿಡಿ ಶಾಸನವನ್ನೇ ತೆಗೆದುಕೊಳ್ಳಿ. ‘ಹಲ್ಮಿಡಿ ಶಾಸನದ ಬಗ್ಗೆ ಬರೆಯಿರಿ’ ಎಂದು ಕೇಳಿದಾಗ ಸಿದ್ಧ ಉತ್ತರ ಹತ್ತಾರು ಕಡೆ ಸಿಗುವುದರಿಂದ, ಅದನ್ನು ಎತ್ತಿ ಬರೆಯುವುದು ಮಕ್ಕಳಿಗೆ ತಪ್ಪೆಂದೇ ತೋರುವುದಿಲ್ಲ. ಹಾಗಾಗಿ ಕೃತಿಚೌರ್ಯವನ್ನು ತಡೆಯುವ ಕೆಲಸ ಶಿಕ್ಷಕರು ಕೊಡುವ ಪ್ರಶ್ನೆಯಿಂದಲೇ ಆರಂಭವಾಗಬೇಕು.

ಅದೇ ವಿಷಯವನ್ನು ‘ಹಲ್ಮಿಡಿ ಶಾಸನದ ಕಾಲವನ್ನು ವಿದ್ವಾಂಸರು ಯಾವ ಆಧಾರದ ಮೇಲೆ ನಿರ್ಧರಿಸಿದರು?’ ಎಂದು ಕೇಳಿ ನೋಡಿ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ ಈ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ತ್ವ ಇಲಾಖೆಯ ಎಂ. ಎಚ್. ಕೃಷ್ಣ. ಅದರ ಕಾಲ ಸುಮಾರು ಕ್ರಿ.ಶ. 450 ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ಶಾಸನದಲ್ಲಿ ತೇದಿಯೇ ಇಲ್ಲ. ಲಿಪಿಯ ರೂಪ, ಅದರಲ್ಲಿ ಬರುವ ಕದಂಬ ಅರಸನ ಹೆಸರು, ಭಾಷೆಯ ಹಳಮೆ ಇವುಗಳಿಂದ ಕಾಲವನ್ನು ಊಹಿಸಬೇಕಾಗಿದ್ದು, ಆ ಬಗ್ಗೆ ಭಿನ್ನಾಭಿಪ್ರಾಯಗಳೂ ಇವೆ. ತಾಳಗುಂದದಲ್ಲಿ ಸಿಕ್ಕಿದ ಶಾಸನವೊಂದು ಇದಕ್ಕಿಂತ ಹಳೆಯದು, ಕ್ರಿ.ಶ. 370ರದು ಎಂಬ ವಾದವೂ ಬಂದಿದೆ. ಇಂಥ ಪ್ರಶ್ನೆಗೆ ಉತ್ತರಿಸಲು ವಿದ್ಯಾರ್ಥಿಯು ಕನಿಷ್ಠ ಎರಡು ಆಕರಗಳನ್ನು ಎದುರುಬದುರು ಇಟ್ಟು ಓದಲೇಬೇಕಾಗುತ್ತದೆ.

ಆಕರಗಳನ್ನು ಹುಡುಕುವ ಕ್ರಮವನ್ನು ಗ್ರಂಥಾಲಯದಲ್ಲಿಯೇ ಮಾಡಿ ತೋರಿಸುವುದು ಒಳ್ಳೆಯದು. ವಿಕಿಪೀಡಿಯವನ್ನು ನಿಷೇಧಿಸಬೇಕಿಲ್ಲ, ಅಲ್ಲಿಯ ಅಡಿಟಿಪ್ಪಣಿಗಳನ್ನು ಹಿಡಿದು ಮೂಲಕ್ಕೆ ಹೋಗುವುದನ್ನು ಕಲಿಸಿದರೆ ಸಾಕು. ಬಿ. ಎಲ್. ರೈಸ್ ಅವರ ಶಾಸನಸಂಗ್ರಹವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಾಸನ ಜಿಲ್ಲೆಯ ಸಂಪುಟದಲ್ಲಿ ಈ ಶಾಸನವನ್ನು ಹುಡುಕಲು ಮಕ್ಕಳಿಗೆ ಹೇಳಿ. ಅದು ಸಿಗುವುದಿಲ್ಲ, ಏಕೆಂದರೆ ಆ ಸಂಪುಟ ಪ್ರಕಟವಾದದ್ದು 1902ರಲ್ಲಿ. ಪುಸ್ತಕದ ಪ್ರಕಟಣೆಯ ವರ್ಷವನ್ನು ಏಕೆ ನೋಡಬೇಕು ಎಂಬುದನ್ನು ಬೇರೆ ವಿವರಣೆಯಿಲ್ಲದೆ ಮಕ್ಕಳು ಅಲ್ಲಿಯೇ ತಿಳಿದುಕೊಳ್ಳುತ್ತಾರೆ.

ಟಿಪ್ಪಣಿ ಮಾಡಿಕೊಳ್ಳುವಾಗ ಮೊದಲು ಲೇಖಕ, ಪುಸ್ತಕ, ವರ್ಷ, ಪುಟಸಂಖ್ಯೆಗಳನ್ನು ಬರೆಯಿಸಿ. ಆಮೇಲೆ ಒಂದು ಭಾಗವನ್ನು ಓದಿಸಿ, ಪುಸ್ತಕ ಮುಚ್ಚಿಸಿ, ಅರ್ಥವಾದದ್ದನ್ನು ಬರೆಯಲು ಹೇಳಿ. ಮೂಲದ ಮಾತೇ ಬೇಕೆನಿಸಿದರೆ ಆಗಲೇ ಉದ್ಧರಣ ಚಿಹ್ನೆ ಹಾಕಬೇಕು. ಮುಂದೆ ಹಾಕಿದರಾಯಿತು ಎಂದು ಬಿಟ್ಟರೆ ಯಾವುದು ಯಾರ ವಾಕ್ಯ ಎಂಬುದು ಬರೆದವರಿಗೇ ಮರೆತುಹೋಗುತ್ತದೆ.

ಎಲ್ಲಕ್ಕಿಂತ ಕಷ್ಟವಾಗುವುದು ಸ್ವಂತ ಮಾತಿನಲ್ಲಿ ಬರೆಯುವುದೆಂದರೇನು ಎಂಬುದನ್ನು ತಿಳಿಸುವುದು. ಕಪ್ಪುಹಲಗೆಯ ಮೇಲೆ ಒಂದು ವಾಕ್ಯ ಬರೆಯಿರಿ: ‘ಹದಿನಾರು ಸಾಲುಗಳ ಈ ಶಾಸನದ ಭಾಷೆಯಲ್ಲಿ ಸಂಸ್ಕೃತದ ಪ್ರಭಾವ ಹೆಚ್ಚಾಗಿ ಕಂಡುಬರುತ್ತದೆ.’ ಬಹಳ ಮಕ್ಕಳು ಇದನ್ನು ‘ಹದಿನಾರು ಪಂಕ್ತಿಗಳ ಈ ಶಾಸನದ ನುಡಿಯಲ್ಲಿ ಸಂಸ್ಕೃತದ ಪ್ರಭಾವ ಬಹಳವಾಗಿ ಕಾಣುತ್ತದೆ’ ಎಂದು ತಿದ್ದುತ್ತಾರೆ. ವಾಕ್ಯದ ಎಲುಬು ಹಾಗೆಯೇ ಉಳಿದಿರುವುದರಿಂದ ಇದೂ ನಕಲೇ. ಈಗ ಶಾಸನಪಾಠವನ್ನೇ ಮುಂದಿಟ್ಟು ಕನ್ನಡವೆಂದು ಗುರುತು ಸಿಗುವ ಪದಗಳನ್ನು ಹುಡುಕಿಸಿ. ‘ಆಳೆ’ ಎಂಬ ಕ್ರಿಯಾರೂಪವೂ ‘ನಾಡುಳ್’ ಎಂಬಲ್ಲಿಯ ಸಪ್ತಮಿ ಪ್ರತ್ಯಯವೂ ಕಣ್ಣಿಗೆ ಬಿದ್ದ ವಿದ್ಯಾರ್ಥಿಯು, ಸಂಸ್ಕೃತ ಪದಗಳ ನಡುವೆಯೂ ವಾಕ್ಯವನ್ನು ಕಟ್ಟಿರುವುದು ಕನ್ನಡದ ವ್ಯಾಕರಣವೇ ಎಂದು ತಾನಾಗಿ ಬರೆಯಬಲ್ಲನು. ಸಂಸ್ಕೃತದ ಪ್ರಭಾವದ ಮಾತನ್ನು ಮಾತ್ರ ಎಲ್ಲಿಂದ ಪಡೆದನೋ ಅವರ ಹೆಸರಿನಲ್ಲಿಯೇ ಹೇಳಬೇಕು.

ಇಂಗ್ಲಿಷ್ ಪುಟವೊಂದನ್ನು ಗೂಗಲ್ ಅನುವಾದಕ್ಕೆ ಕೊಟ್ಟು ಬಂದ ಕನ್ನಡವನ್ನು ತನ್ನದೆಂದು ಒಪ್ಪಿಸುವುದೂ ಕೃತಿಚೌರ್ಯವೇ. ಇದನ್ನು ಬಾಯಿಬಿಟ್ಟು ಹೇಳದಿದ್ದರೆ ಮಕ್ಕಳಿಗೆ ಹೊಳೆಯುವುದಿಲ್ಲ. ಚಾಟ್‌ಜಿಪಿಟಿಯಂಥವು ಇಲ್ಲದ ಪುಸ್ತಕಗಳ ಹೆಸರನ್ನೂ ಹೇಳುವುದುಂಟಾದ್ದರಿಂದ, ಆಕರದ ಪುಟವನ್ನೇ ತಂದು ತೋರಿಸಬೇಕೆಂಬ ನಿಯಮವಿರಲಿ.

ಕಾಲೇಜು ಅಧ್ಯಾಪಕರು ಕೃತಿಚೌರ್ಯ ತಡೆಯಲು ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಮಾಡಿದ 2018ರ ನಿಯಮಾವಳಿಯನ್ನೂ ವಿವರಿಸಬೇಕು. ಅದರಂತೆ, ಬೇರೆ ಬರಹಗಳೊಂದಿಗೆ ತಂತ್ರಾಂಶವು ಗುರುತಿಸುವ ಹೋಲಿಕೆ ಶೇ. 10ರೊಳಗಿದ್ದರೆ ದಂಡನೆಯಿಲ್ಲ; ಶೇ. 60 ಮೀರಿದರೆ ಸಂಶೋಧನಾ ವಿದ್ಯಾರ್ಥಿಯ ನೋಂದಣಿಯೇ ರದ್ದಾಗುತ್ತದೆ. ಆದರೆ ಶೇ. 10 ಎಂಬುದು ಕದಿಯಲು ಕೊಟ್ಟ ಪರವಾನಗಿಯಲ್ಲ. ತಂತ್ರಾಂಶದ ಸಂಗ್ರಹದಲ್ಲಿಲ್ಲದ ಹಳೆಯ ಕನ್ನಡ ಪುಸ್ತಕದಿಂದ ಎತ್ತಿದ ಪುಟ ಅದರ ಲೆಕ್ಕಕ್ಕೇ ಬರುವುದಿಲ್ಲ.

ಅಂಕ ಕೊಡುವಾಗ ಅರ್ಧದಷ್ಟನ್ನಾದರೂ ಟಿಪ್ಪಣಿ ಪುಸ್ತಕಕ್ಕೂ ಪ್ರಶ್ನೋತ್ತರಕ್ಕೂ ಮೀಸಲಿಡಿ. ಪ್ರತಿಯೊಬ್ಬರನ್ನೂ ಕರೆದು, ಅವರು ಬರೆದ ಒಂದು ವಾಕ್ಯವನ್ನು ತೋರಿಸಿ, ‘ಇದು ನಿನಗೆ ಎಲ್ಲಿಂದ ತಿಳಿಯಿತು?’ ಎಂದು ಕೇಳಿ. ಟಿಪ್ಪಣಿಯ ಪುಟ ತೆರೆದು ತೋರಿಸಿದವರಿಗೆ, ಭಾಷೆ ಒರಟಾಗಿದ್ದರೂ, ಪೂರ್ಣ ಅಂಕ ಕೊಡಿ.