ಜಾಹೀರಾತಿಗೆ ಮುಖ ಕೊಡುವ ಮುನ್ನ: ಕರಾರು ಓದುವುದು ಹೇಗೆ?

ಸೀರಿಯಲ್ ಒಂದು ಜನರಿಗೆ ಹಿಡಿಸಿತು ಅಂದರೆ ಸಾಕು, ಅದರ ನಟ ನಟಿಯರಿಗೆ ಜಾಹೀರಾತಿನ ಫೋನ್ ಶುರುವಾಗುತ್ತದೆ. ಜಯನಗರದ ಚಿನ್ನದ ಅಂಗಡಿ, ಚಿಕ್ಕಪೇಟೆಯ ಸೀರೆ ಅಂಗಡಿ, ಸಾಂಬಾರ್ ಪುಡಿ, ಕೋಚಿಂಗ್ ಸೆಂಟರ್. ‘ಎಷ್ಟು ಕೊಡ್ತೀರಿ?’ ಎಂದು ಕೇಳುವುದು ಸಹಜ. ಆದರೆ ಮುಖ ಎಷ್ಟು ದಿನಕ್ಕೆ, ಎಲ್ಲೆಲ್ಲಿಗೆ, ಯಾವ ವಸ್ತುವಿಗೆ ಎಂಬುದು ಗೊತ್ತಾಗದೆ ರೇಟ್ ಹೇಳುವುದಾದರೂ ಹೇಗೆ?

2025ರಲ್ಲಿ ಮೈಸೂರು ಸ್ಯಾಂಡಲ್ ಸೋಪಿಗೆ ತಮನ್ನಾ ಭಾಟಿಯಾ ರಾಯಭಾರಿಯಾದಾಗ ಜನ 6.20 ಕೋಟಿ ರೂಪಾಯಿ ಸಂಭಾವನೆಯ ಬಗ್ಗೆ ಮಾತಾಡಿದರು, ಕನ್ನಡದ ನಟಿಯರು ಸಿಗಲಿಲ್ಲವಾ ಎಂದು ಕೇಳಿದರು. ಅವರ ನೇಮಕದ ಸರ್ಕಾರಿ ಆದೇಶದಲ್ಲಿ ಅವಧಿ 2 ವರ್ಷ 2 ದಿನ ಎಂದಿತ್ತು. ಅವಧಿಯನ್ನು ಹೀಗೆ ದಿನದ ಲೆಕ್ಕದವರೆಗೂ ಬರೆಸಬೇಕು.

ಮೊದಲು: ಯಾರ ಜೊತೆ, ಎಷ್ಟು ದಿನ?

ಸಹಿ ಹಾಕುವವರು ಬ್ರ್ಯಾಂಡಿನವರಾ, ಏಜೆನ್ಸಿಯವರಾ ನೋಡಿ. ಏಜೆನ್ಸಿಯಾದರೆ ‘ಕ್ಲೈಂಟ್ ಇನ್ನೂ ಕೊಟ್ಟಿಲ್ಲ’ ಎಂಬ ಮಾತು ಮುಂದೆ ಕೇಳಬೇಕಾಗಬಹುದು. ಕ್ಲೈಂಟ್ ಕೊಡಲಿ ಬಿಡಲಿ, ನಮ್ಮ ದುಡ್ಡು ಇಂಥ ತಾರೀಖಿಗೆ ಬರಬೇಕು ಎಂದು ಬರೆಸಿ.

ಅವಧಿ ಶುರುವಾಗುವುದು ಶೂಟಿಂಗ್ ದಿನದಿಂದಲೋ, ಜಾಹೀರಾತು ಬಿಡುಗಡೆಯಾದ ದಿನದಿಂದಲೋ? ಶ್ರಾವಣದಲ್ಲಿ ಶೂಟ್ ಮಾಡಿ ಯುಗಾದಿಗೆ ಬಿಟ್ಟರೆ ಅಷ್ಟು ತಿಂಗಳು ನೀವು ಸುಮ್ನೆ ಕಟ್ಟಿಹಾಕಿಸಿಕೊಂಡ ಹಾಗೆ. ‘ಬಿಡುಗಡೆ ಅಥವಾ ಶೂಟಿಂಗ್ ಮುಗಿದ 60 ದಿನ, ಯಾವುದು ಮೊದಲೋ ಅದು’ ಎಂದು ಹಾಕಿಸಿ. ‘ಶಾಶ್ವತವಾಗಿ’ ಎಂಬ ಪದ ಕಂಡರೆ ಹೊಡೆದುಹಾಕಿಸಿ. ಖಾಲಿ ಬಿಡುವುದೂ ಒಳ್ಳೆಯದಲ್ಲ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಇಲ್ಲದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆ ಅದನ್ನು 5 ವರ್ಷ ಎಂದೇ ಎಣಿಸುತ್ತದೆ. ಪ್ರದೇಶ ಹೇಳದಿದ್ದರೆ ಇಡೀ ಭಾರತ.

ಅವಧಿ ಮುಗಿದ ಮೇಲೆ ಬಸ್ಸಿನ ಹಿಂಬದಿ, ಅಂಗಡಿ ಬೋರ್ಡು, ಪ್ಯಾಕೆಟ್ಟಿನಿಂದ ಫೋಟೊ ಎಷ್ಟು ದಿನದಲ್ಲಿ ಹೋಗಬೇಕು ಎಂಬುದೂ ಇರಲಿ. ಹಳೆಯ ರೀಲ್ಸ್ ಪೇಜಿನಲ್ಲಿ ಉಳಿಯಬಹುದು. ದುಡ್ಡು ಕೊಟ್ಟು ಅದನ್ನು ಮತ್ತೆ ಬೂಸ್ಟ್ ಮಾಡುವಂತಿಲ್ಲ. ನಿಮ್ಮ ಮುಖ, ಧ್ವನಿಯನ್ನು ಎಐನಲ್ಲಿ ಹಾಕಿ ಹೊಸ ಜಾಹೀರಾತು ಮಾಡುವಂತಿಲ್ಲ ಎಂಬ ಸಾಲನ್ನು ಈಗ ಮರೆಯಲೇಬಾರದು. ಅನಿಲ್ ಕಪೂರ್ 2023ರಲ್ಲಿ ದೆಹಲಿ ಹೈಕೋರ್ಟಿಗೆ ಹೋಗಿ ಇಂಥ ದುರ್ಬಳಕೆಗೆ ತಡೆ ತಂದರು. ಕರಾರಿನಲ್ಲೇ ಒಂದು ಸಾಲು ಇದ್ದರೆ ಅಷ್ಟು ದೂರ ಓಡಾಡುವ ಕಷ್ಟ ಕಡಿಮೆ.

ಆಮೇಲೆ: ಯಾವುದನ್ನು ಬಿಟ್ಟುಕೊಡುತ್ತಿದ್ದೀರಿ?

ಹೊಸಬರು ಜಾಸ್ತಿ ಕಳೆದುಕೊಳ್ಳುವುದು ಇಲ್ಲಿ. ಕರಡಿನಲ್ಲಿ ಹೀಗಿದೆ ಅಂದುಕೊಳ್ಳಿ: ‘ಕಲಾವಿದರು ಆಭರಣ, ಫ್ಯಾಷನ್ ಹಾಗೂ ಸಂಬಂಧಪಟ್ಟ ಯಾವುದೇ ವಸ್ತುವಿನ ಜಾಹೀರಾತಿನಲ್ಲಿ ಕಾಣಿಸಿಕೊಳ್ಳತಕ್ಕದ್ದಲ್ಲ.’ ನೀವು ಒಪ್ಪಿದ್ದು ಒಂದು ಚಿನ್ನದ ಅಂಗಡಿಗೆ. ಈ ಒಂದು ಸಾಲಿನಲ್ಲಿ ಸೀರೆ ಹೋಯ್ತು, ವಾಚ್ ಹೋಯ್ತು, ಚಪ್ಪಲಿಯೂ ಹೋಯ್ತು. ವರಮಹಾಲಕ್ಷ್ಮಿಯಿಂದ ದೀಪಾವಳಿವರೆಗಿನ ಕೆಲಸವೆಲ್ಲ ಕೈತಪ್ಪಿತು. ಅದನ್ನು ಹೀಗೆ ತಿದ್ದಿಸಿ: ‘ಕರಾರಿನ ಅವಧಿಯಲ್ಲಿ, ಕರ್ನಾಟಕದೊಳಗೆ, ಈ ನಿರ್ಬಂಧ ಚಿನ್ನ ಮತ್ತು ವಜ್ರದ ಆಭರಣ ಮಾರುವ ಬೇರೆ ಮಳಿಗೆಗಳಿಗೆ ಮಾತ್ರ ಅನ್ವಯ.’ ಸೀರಿಯಲ್ ಒಳಗೇ ಬರುವ ಪ್ರಾಯೋಜಿತ ದೃಶ್ಯಗಳನ್ನು ಈ ನಿರ್ಬಂಧದಿಂದ ಹೊರಗಿಡಿಸಿ. ಚಾನೆಲ್ಲಿಗೆ ಯಾವ ಪ್ರಾಯೋಜಕರು ಸಿಗುತ್ತಾರೋ, ಅದು ನಿಮ್ಮ ಕೈಯಲ್ಲಿ ಇರುವುದಿಲ್ಲ ಅಲ್ವಾ?

ಕರಾರು ಮುಗಿದ ಮೇಲೂ ‘ಮುಂದಿನ ಆಫರ್ ಬಂದರೆ ಮೊದಲು ನಮ್ಮನ್ನೇ ಕೇಳಬೇಕು’ ಎಂದು ಕೆಲವರು ಸೇರಿಸುತ್ತಾರೆ. ಕ್ರಿಕೆಟಿಗ ಜಹೀರ್ ಖಾನ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಅಂಥ ಷರತ್ತು ಅವಧಿ ಮುಗಿದ ಮೇಲೆ ನಡೆಯದು ಎಂದಿತು. 1872ರ ಕರಾರು ಕಾಯ್ದೆಯ 27ನೇ ಕಲಮೇ ಅದಕ್ಕೆ ಆಧಾರ. ಹಾಗಂತ ಬಿಟ್ಟುಬಿಡಬೇಡಿ, ಸಹಿಗೆ ಮೊದಲೇ ತೆಗೆಸಿ.

ನೀವು ಹೇಳುವ ಮಾತಿಗೆ ನೀವೂ ಹೊಣೆ

‘ಹದಿನೈದೇ ದಿನದಲ್ಲಿ ಕೂದಲು ಬರುತ್ತೆ’ ಎಂದು ಬರೆದವರು ಬೇರೆ, ಆದರೆ ಹೇಳಿದವರು ನೀವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ. ಜೊತೆಗೆ 1 ವರ್ಷ, ಮತ್ತೆ ಮಾಡಿದರೆ 3 ವರ್ಷದವರೆಗೆ ಜಾಹೀರಾತಿನಿಂದ ನಿಷೇಧ. ಹೇಳಿಕೆ ನಿಜವೋ ಎಂದು ಮೊದಲೇ ಸರಿಯಾಗಿ ಪರಿಶೀಲಿಸಿದ್ದರೆ ದಂಡದಿಂದ ಪಾರಾಗಬಹುದು. ಆದ್ದರಿಂದ ಲ್ಯಾಬ್ ವರದಿ, ಲೈಸೆನ್ಸ್ ಪ್ರತಿ ಕೇಳಿ ಪಡೆಯಿರಿ. ನಿಮ್ಮನ್ನು ನೋಡಿ ದುಡ್ಡು ಬಿಚ್ಚುವವರು ನಿಮ್ಮ ಅಭಿಮಾನಿಗಳೇ. ಅವರಿಗೆ ಸುಳ್ಳು ಹೇಳಬಾರದು. ಹೇಳಿಕೆ ತಪ್ಪಾದರೆ ಕೇಸು, ಖರ್ಚು ಎಲ್ಲ ಕಂಪನಿಯದೇ ಎಂಬ ಷರತ್ತೂ ಇರಲಿ.

ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳ ಆಫರ್ ಬಂದರೆ ಎಷ್ಟೇ ಕೊಟ್ಟರೂ ಬೇಡ ಎನ್ನಿ. 2025ರ ಕಾಯ್ದೆ ಪ್ರಕಾರ ಅದರ ಜಾಹೀರಾತಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ.

ಈಗ ದುಡ್ಡು

ಕಾಲ್‌ಶೀಟ್ ಎಷ್ಟು ಗಂಟೆ, ಡಬ್ಬಿಂಗ್ ಸೇರಿದೆಯಾ, ರೀಲ್ಸ್ ಎಷ್ಟು, ಅಂಗಡಿ ಉದ್ಘಾಟನೆಗೆ ಎಷ್ಟು ಸಲ ಬರಬೇಕು, ಎಲ್ಲ ಸಂಖ್ಯೆಯಲ್ಲಿರಲಿ. ಅರ್ಧ ಸಹಿ ಹಾಕುವಾಗ, ಬಾಕಿ ಬಿಡುಗಡೆಗೆ ಮೊದಲು. ಜಿಎಸ್‌ಟಿ ನೋಂದಣಿ ಇದ್ದರೆ ‘ಶೇ 18 ಪ್ರತ್ಯೇಕ’ ಎಂದು ಬರೆಸಿ, ಬರೆಸದಿದ್ದರೆ ಅದು ನಿಮ್ಮ ಜೇಬಿಂದಲೇ ಹೋಗುತ್ತದೆ. ದುಡ್ಡು ಕೊಡುವಾಗಲೇ ಕಡಿತವಾದ ತೆರಿಗೆಯ (ಟಿಡಿಎಸ್) ಸರ್ಟಿಫಿಕೇಟ್ ಕೇಳಿ.

ದುಡ್ಡು ಬೇಡವೆಂದು ಮಾಡುವ ಕೆಲಸಕ್ಕೂ ಕಾಗದ ಬೇಕು. ನಂದಿನಿಗೆ ಡಾ. ರಾಜ್‌ಕುಮಾರ್, ಆಮೇಲೆ ಪುನೀತ್ ಸಂಭಾವನೆ ಪಡೆಯದೆ ನಿಂತರು. ಅಂಥ ದೊಡ್ಡ ಮನಸ್ಸು ನಿಮಗಿದ್ದರೂ ಅವಧಿ, ಬಳಕೆಯ ಮಿತಿ ಬರೆಸಿಯೇ ಮಾಡಿ.

ಮುಂಬೈ ಕಂಪನಿಗಳ ಕರಾರಿನಲ್ಲಿ ವ್ಯಾಜ್ಯ ಮುಂಬೈಯಲ್ಲೇ ಎಂದಿರಬಹುದು. ಬೆಂಗಳೂರು ಎಂದು ಬದಲಾಯಿಸಿ ಎನ್ನಿ. ರೇಸ್ ಕೋರ್ಸ್ ರಸ್ತೆಯ ಖನಿಜ ಭವನದಲ್ಲೇ, ಇಂಥ ವ್ಯಾಜ್ಯ ಬಗೆಹರಿಸುವ ಮಧ್ಯಸ್ಥಿಕೆ ಕೇಂದ್ರವಿದೆ.

ಕೊನೆಗೆ ಪ್ರತಿ ಪುಟಕ್ಕೂ ಇಬ್ಬರೂ ಸಹಿ ಹಾಕಿ, ಒಂದು ಮೂಲಪ್ರತಿ ನೀವೇ ಇಟ್ಟುಕೊಳ್ಳಿ. ಮ್ಯಾನೇಜರ್ ಬಳಿ ಇದ್ದರೆ ಸಾಲದು.