ಸಿಹಿನೀರು ಬಿಟ್ಟೆ, ಕಲ್ಲು ಬಾಯಿ ಮುಚ್ಚಿತು

ಕಲ್ಲಿನೊಳಗೆ ನೀರು ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಅಳೆಯುವುದು ನನ್ನ ಕೆಲಸ. ಕಲ್ಲಿನಲ್ಲಿ ನೀರೆಲ್ಲಿ ಹರಿಯುತ್ತೆ ಅಂತ ಊರಲ್ಲಿ ಕೇಳುತ್ತಾರೆ. ಗ್ರಾನೈಟ್ ಆದರೆ ಅವರ ಮಾತು ಸರಿ, ಅಲ್ಲಿ ನೀರು ಬಿರುಕಿನಲ್ಲಿ ಮಾತ್ರ ಓಡಾಡುತ್ತದೆ. ಮರಳುಗಲ್ಲು ಹಾಗಲ್ಲ. ಅದರ ಹರಳುಗಳ ನಡುವೆ ಸಂದುಗಳಿರುತ್ತವೆ, ಒಣಗಿದ ತುಂಡಿನ ಮೇಲೆ ಒಂದು ಹನಿ ಬಿಟ್ಟರೆ ನೋಡುತ್ತಿದ್ದ ಹಾಗೇ ಹೀರಿಕೊಳ್ಳುತ್ತದೆ.

ನಾನು ಕೆಲಸ ಕಲಿತದ್ದು ಬೆರಿಯಾ ಮರಳುಗಲ್ಲಿನ ಮೇಲೆ. ಅಮೆರಿಕದ ಒಹಾಯೊದ ಕಲ್ಲು ಇದು. ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ ಅಂತ ಎಷ್ಟೋ ದೇಶದ ಲ್ಯಾಬ್‌ಗಳು ಇದನ್ನೇ ತರಿಸುತ್ತವೆ. 38 ಮಿಲಿಮೀಟರ್ ದಪ್ಪ, 60 ಮಿಲಿಮೀಟರ್ ಉದ್ದದ ಸಿಲಿಂಡರ್ ಕೊರೆದು, ಓವನ್‌ನಲ್ಲಿ ಒಣಗಿಸಿ ತೂಗಿದೆ. 145.2 ಗ್ರಾಂ. ಆಮೇಲೆ ವ್ಯಾಕ್ಯೂಮ್‌ನಲ್ಲಿಟ್ಟು ಒಳಗಿನ ಗಾಳಿ ತೆಗೆದು, ಶೇಕಡ 3ರ ಉಪ್ಪುನೀರು ಕುಡಿಸಬೇಕು. ಇಲ್ಲಿ ಅವಸರ ಮಾಡಬೇಡಿ. ಗಾಳಿ ಗುಳ್ಳೆ ಒಳಗೆ ಉಳಿದರೆ ಆ ಜಾಗಕ್ಕೆ ನೀರು ಹೋಗುವುದಿಲ್ಲ, ಪೊರಾಸಿಟಿಯೂ (ಕಲ್ಲಿನಲ್ಲಿ ಖಾಲಿ ಜಾಗ ಎಷ್ಟು ಪಾಲು ಅನ್ನುವ ಲೆಕ್ಕ) ತಪ್ಪು, ಮುಂದಿನ ಅಳತೆಯೂ ತಪ್ಪು. ನಾನು ಇಡೀ ರಾತ್ರಿ ಬಿಡುತ್ತೇನೆ. ಬೆಳಿಗ್ಗೆ ತೆಗೆದು ಮೇಲಿನ ನೀರು ಒರೆಸಿ ತೂಗುವಾಗ ಟಿಶ್ಯೂ ಕಾಗದವನ್ನು ಅದೇ ಉಪ್ಪುನೀರಿನಲ್ಲಿ ಒದ್ದೆ ಮಾಡಿ ಹಿಂಡಿಕೊಂಡಿರಬೇಕು. ಒಣ ಕಾಗದ ಸಂದಿನ ನೀರನ್ನೂ ಎಳೆದುಬಿಡುತ್ತದೆ. 158.7 ಗ್ರಾಂ ಬಂತು. ಹದಿಮೂರೂವರೆ ಗ್ರಾಂ ಉಪ್ಪುನೀರು ಅಂದರೆ ಸುಮಾರು 13.2 ಮಿಲಿಲೀಟರ್. ಕಲ್ಲಿನ ಒಟ್ಟು ಗಾತ್ರ 68 ಮಿಲಿಲೀಟರ್. ಅಂದರೆ ನೂರರಲ್ಲಿ ಹತ್ತೊಂಬತ್ತು ಪಾಲು ಖಾಲಿ ಜಾಗ!

ಇನ್ನು ಹರಿವು. ಕಲ್ಲಿಗೆ ದಪ್ಪ ರಬ್ಬರ್ ತೋಳು ಹಾಕಿ, ಸುತ್ತಲೂ ಎಣ್ಣೆಯಿಂದ 1000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಅಳತೆ) ಒತ್ತಡ ಕೊಡುತ್ತೇವೆ. ಈ ಒತ್ತಡ ಕಮ್ಮಿಯಾದರೆ ನೀರು ಕಲ್ಲಿನೊಳಗೆ ಹೋಗದೆ ಪಕ್ಕದಿಂದ ಜಾರಿಹೋಗುತ್ತದೆ, ಪರ್ಮಿಯಬಿಲಿಟಿ, ಅಂದರೆ ನೀರು ಹರಿಯುವ ಸಲೀಸು, ಸುಳ್ಳು ಸುಳ್ಳೇ ಜಾಸ್ತಿ ತೋರಿಸುತ್ತದೆ. ನಿಮಿಷಕ್ಕೆ 2 ಮಿಲಿಲೀಟರ್ ಬಿಟ್ಟೆ. ಎರಡು ತುದಿಯ ನಡುವಿನ ಒತ್ತಡದ ವ್ಯತ್ಯಾಸ 2 ಪಿಎಸ್‌ಐಗೆ ಬಂದು ನಿಂತಿತು. ಹರಿವು ಮತ್ತು ಒತ್ತಡದಿಂದ ಪರ್ಮಿಯಬಿಲಿಟಿ ಲೆಕ್ಕ ಹಾಕುವುದು ಡಾರ್ಸಿ ನಿಯಮದಲ್ಲಿ. ಫ್ರಾನ್ಸಿನ ದಿಜೋಂ ಊರಿಗೆ ಕುಡಿಯುವ ನೀರು ತಂದ ಎಂಜಿನಿಯರ್ ಹೆನ್ರಿ ಡಾರ್ಸಿ, ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ ನೋಡಿ 1856ರಲ್ಲಿ ಪ್ರಕಟಿಸಿದ ನಿಯಮ ಅದು, ಇವತ್ತಿಗೂ ನಮ್ಮ ದಿನದ ಊಟ. ಪರ್ಮಿಯಬಿಲಿಟಿ ಅಳೆಯುವುದೂ ಅವರದೇ ಹೆಸರಿನಲ್ಲಿ, ನನ್ನ ಕಲ್ಲಿಗೆ ಸುಮಾರು 120 ಮಿಲಿಡಾರ್ಸಿ ಬಂತು. ಖುಷಿಯಾಯಿತು.

ತಪ್ಪು ಮಾಡಿದ್ದು ಆಮೇಲೆ. ಕೆಲಸ ಮುಗೀತು, ಉಪ್ಪು ಪೈಪಿನಲ್ಲಿ ಉಳಿದರೆ ತುಕ್ಕು ಹಿಡಿಯುತ್ತದೆ, ಕಲ್ಲನ್ನೂ ತೊಳೆದಿಟ್ಟರೆ ಇನ್ನೊಬ್ಬರಿಗೆ ಉಪಯೋಗಕ್ಕೆ ಬರುತ್ತದೆ ಅಂದುಕೊಂಡು ಪಂಪಿನ ಕೊಳವೆಯನ್ನು ಉಪ್ಪುನೀರಿನ ಬಾಟಲಿಯಿಂದ ತೆಗೆದು ಡಿಸ್ಟಿಲ್ಡ್ ನೀರಿಗೆ ಇಳಿಸಿದೆ. ಮೊದಲ ಐದಾರು ನಿಮಿಷ ಏನೂ ಆಗಲಿಲ್ಲ. ಆಮೇಲೆ ಒತ್ತಡದ ಮೀಟರ್ 4 ತೋರಿಸಿತು. 9. 30. ಗುಳ್ಳೆ ಬಂದಿರಬೇಕು ಅಂತ ನಟ್ಟುಗಳನ್ನು ನೋಡುತ್ತಿದ್ದೆ, ಅಷ್ಟರಲ್ಲಿ 150ಕ್ಕೆ ಹೋಗಿ ಪಂಪು ತಾನಾಗಿ ನಿಂತಿತು. ಪರ್ಮಿಯಬಿಲಿಟಿ ಎಪ್ಪತ್ತೈದು ಪಟ್ಟು ಬಿದ್ದಿತ್ತು. ಹೊರಗೆ ಬಿದ್ದ ಕೊನೆಯ ನೀರನ್ನು ಬೆಳಕಿಗೆ ಹಿಡಿದರೆ ಅಕ್ಕಿ ತೊಳೆದ ನೀರಿನ ಹಾಗೆ ಚೂರು ಮಸುಕು.

ಮತ್ತೆ ಉಪ್ಪುನೀರು ಕೊಟ್ಟೆ. ಸರಿಹೋಗಲಿಲ್ಲ. ಕಲ್ಲನ್ನು ತಿರುಗಿಸಿ ಎದುರು ದಿಕ್ಕಿನಿಂದ ಬಿಟ್ಟೆ. ಒತ್ತಡ ಸರ್ರನೆ ಇಳಿಯಿತು, ಸ್ವಲ್ಪ ಹೊತ್ತು ಹಾಗೇ ಇತ್ತು, ಮತ್ತೆ ಏರಿತು. ಆಗ ಅರ್ಥವಾಯಿತು, ಒಳಗೆ ಏನೋ ಸಣ್ಣದು ಅಲ್ಲಾಡುತ್ತಿದೆ. ಒಂದು ಕಡೆ ಅಡ್ಡ ಕೂತದ್ದು ತಿರುಗಿಸಿದಾಗ ಎದ್ದು ಇನ್ನೊಂದು ಕಡೆ ಹೋಗಿ ಕೂರುತ್ತಿದೆ.

ಅದು ಜೇಡಿ. ಬೆರಿಯಾದಲ್ಲಿ ಶೇಕಡ 5ರಿಂದ 8ರಷ್ಟು ಜೇಡಿ ಇರುತ್ತದೆ, ಮುಖ್ಯವಾಗಿ ಕೆಯೊಲಿನೈಟ್. ಮರಳು ಹರಳಿನ ಮೈಗೆ ಸಣ್ಣ ಹಾಳೆಗಳ ಹಾಗೆ ಅಂಟಿಕೊಂಡಿರುತ್ತದೆ. ಎರಡರ ಮೈಮೇಲೂ ಮೈನಸ್ ಚಾರ್ಜು, ಆದ್ದರಿಂದ ಒಂದನ್ನೊಂದು ತಳ್ಳುತ್ತವೆ. ನೀರಿನಲ್ಲಿ ಉಪ್ಪು ಇರುವ ತನಕ ಆ ತಳ್ಳಾಟ ಅಡಗಿರುತ್ತದೆ. ಉಪ್ಪು ತೆಗೆದ ಕೂಡಲೇ ಜೇಡಿ ಬಿಟ್ಟುಕೊಂಡು, ನೀರಿನ ಜೊತೆ ಹೋಗಿ, ಎರಡು ಸಂದಿನ ನಡುವಿನ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಹೊಸ ತುಂಡು ತೆಗೆದುಕೊಂಡು ಈ ಸಲ ಉಪ್ಪನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದೆ. ಶೇಕಡ 3, 1, ಆಮೇಲೆ 0.5, ಒಂದೊಂದಕ್ಕೂ ಒಂದೊಂದು ಗಂಟೆ. 0.5ರ ತನಕ ಮೀಟರ್ ಕದಲಲಿಲ್ಲ. 0.3ಕ್ಕೆ ತಂದಾಗ ಏರಲು ಶುರುವಾಯಿತು. 1980ರ ದಶಕದಲ್ಲಿ ಸಂಶೋಧಕರಾದ ಕಾರ್ತಿಕ್ ಖಿಲಾರ್ ಮತ್ತು ಸ್ಕಾಟ್ ಫಾಗ್ಲರ್ ಇದೇ ಕಲ್ಲಿಗೆ ಅಳೆದಿಟ್ಟ ಗಡಿ ಲೀಟರಿಗೆ ಹತ್ತಿರ ಹತ್ತಿರ 4 ಗ್ರಾಂ ಅಡುಗೆ ಉಪ್ಪು, ಅಂದರೆ ಶೇಕಡ 0.4. ನನ್ನದೂ ಅಲ್ಲೇ ಬಂದಿತ್ತು. ಇದು ಬರೀ ಲ್ಯಾಬಿನ ಮಾತಲ್ಲ. ತೈಲ ಬಾವಿಗೆ ನೀರು ತಳ್ಳುವಾಗ, ಸಮುದ್ರದ ನೀರು ನುಗ್ಗಿದ ಕರಾವಳಿಯ ನೆಲಕ್ಕೆ ಮತ್ತೆ ಸಿಹಿನೀರು ಇಂಗಿಸುವಾಗ, ಇದೇ ಜೇಡಿ ಇದೇ ರೀತಿ ದಾರಿ ಕಟ್ಟಬಹುದು.

ಖಿಲಾರ್, ಫಾಗ್ಲರ್ ಬರಹಗಳಲ್ಲೇ ಇನ್ನೊಂದು ವಿಷಯ ಇತ್ತು. ಕ್ಯಾಲ್ಸಿಯಂ ಇದ್ದರೆ ಜೇಡಿ ಏಳುವುದಿಲ್ಲ, ಅದು ಅಡುಗೆ ಉಪ್ಪಿನಲ್ಲಿರುವ ಸೋಡಿಯಂಗಿಂತ ಬಿಗಿಯಾಗಿ ಹಿಡಿಯುತ್ತದೆ. ಓದಿದಾಗ ಮೈ ಜುಮ್ಮೆಂದಿತು, ಯಾಕೆಂದರೆ ಇದು ನನಗೆ ಗೊತ್ತಿದ್ದ ವಿಷಯ. ನಮ್ಮದು ಸಿಂಧನೂರು ಕಡೆ, ತುಂಗಭದ್ರಾ ಕಾಲುವೆಯ ಭತ್ತದ ಗದ್ದೆ. ತಗ್ಗಿನ ಒಂದು ಎಕರೆ ಸವಳು ಬಿದ್ದು, ಅಂದರೆ ಮಣ್ಣಿನಲ್ಲಿ ಸೋಡಿಯಂ ಹೆಚ್ಚಾಗಿ, ನೀರು ಇಂಗದೆ ಮೇಲೇ ನಿಲ್ಲುತ್ತಿತ್ತು. ಅಪ್ಪ ಅದಕ್ಕೆ ಜಿಪ್ಸಂ ಹಾಕಿಸುತ್ತಿದ್ದರು. ಜಿಪ್ಸಂ ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಚಿಕ್ಕವನಿದ್ದಾಗ ಆ ಚೀಲಗಳ ಮೇಲೆ ಕೂತು ಆಡಿದ್ದೇನೆ.

ಮೂರನೇ ತುಂಡಿಗೆ ಮೊದಲು ಕ್ಯಾಲ್ಸಿಯಂ ಕ್ಲೋರೈಡ್ ನೀರು ಕುಡಿಸಿದೆ, ಸಂದುಗಳು ಹತ್ತು ಸಲ ತುಂಬಿ ಖಾಲಿಯಾಗುವಷ್ಟು. ಆಮೇಲೆ ಡಿಸ್ಟಿಲ್ಡ್ ನೀರು. ಒಂದು ಲೀಟರ್ ಬಾಟಲಿ ಖಾಲಿಯಾಗಲು ಎಂಟು ಗಂಟೆಗೂ ಜಾಸ್ತಿ ಹಿಡಿಯುತ್ತದೆ, ಅಷ್ಟು ಹೊತ್ತೂ ಪಕ್ಕದಲ್ಲೇ ಕೂತಿದ್ದೆ. ಒತ್ತಡ 2.3 ದಾಟಲಿಲ್ಲ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಇದ್ದು ಕೇಳಿದರು: "ಕಾಲುವಿ ನೀರಿಗಿಂತ ಮಳಿ ನೀರು ಬಿದ್ದಾಗ ಆ ಹೊಲ ಇನ್ನೂ ಜಾಸ್ತಿ ಬಿಗೀತಿತ್ತಲ್ಲ, ಅದಕ್ಕೇನು?"

ಹೌದಪ್ಪಾ, ಅದಕ್ಕೇ ಅಂದೆ.